ಒಡಪಿನಲ್ಲಿ ಉಳಿದ ಪೆನ್ಶನ್

ಅಮೆರಿಕದಲ್ಲಿ ನಾವಿದ್ದ ಲಿನ್‌ವುಡ್‌ಗೆ ಇನ್ನೂ ಮೆಟ್ರೋ ರೈಲು ಬಾರದಿದ್ದ ಕಾಲವದು. ಬೇಸಿಗೆ ರಜೆಯಲ್ಲಿ ಅಪ್ಪ ಅಮ್ಮ ಆಫೀಸಿಗೆ ಹೋದರೆ ಅಪಾರ್ಟ್‌ಮೆಂಟಿನಲ್ಲಿ ನಾನು, ಧಾರವಾಡದ ಅಜ್ಜಿ, ಇಬ್ಬರೇ. ಬೇಲಿಯ ಬ್ಲ್ಯಾಕ್‌ಬೆರಿ ಕಿತ್ತು ತಂದು ಉಪ್ಪು ಖಾರ ಹಚ್ಚಿ ತಿನ್ನುವುದು, ಚೌಕಾಬಾರ ಆಡುವುದು. ಆಟದಲ್ಲಿ ಅಜ್ಜಿ ರಾಜಾರೋಷವಾಗಿ ಮೋಸ ಮಾಡುತ್ತಿದ್ದಳು. ಮನೆ ತುಂಬ ಜೋಳದ ರೊಟ್ಟಿಯ ಘಮ.

ನಮ್ಮಜ್ಜ ಪೂರ್ವ ಆಫ್ರಿಕಾದಲ್ಲಿ ಬ್ರಿಟಿಷ್ ಸರ್ಕಾರದ ಗುಮಾಸ್ತನಾಗಿದ್ದ. ಅಲ್ಲಿ ಸ್ವಾತಂತ್ರ್ಯ ಬರುವ ಹೊತ್ತಿಗೆ, ಇನ್ನು ಪೆನ್ಶನ್ ಯಾರು ಕೊಡುತ್ತಾರೆ ಎಂದು ಗುಮಾಸ್ತರಿಗೆಲ್ಲ ಜೀವ ಬಾಯಿಗೆ ಬಂದಿತ್ತಂತೆ. ಅಜ್ಜ ಅರ್ಜಿಯ ಮೇಲೆ ಅರ್ಜಿ ಬರೆದು, ತಾನು ಸತ್ತರೂ ಹೆಂಡತಿಗೆ ಅದು ನಿಲ್ಲಬಾರದೆಂದು ಕಾಗದದ ಮೇಲೆ ಮಾತು ಪಡೆದೇ ಬಿಟ್ಟಿದ್ದ. ಆ ಪೆನ್ಶನ್ ಇದ್ದುದರಿಂದ ಅಮೆರಿಕಕ್ಕೆ ಬಂದ ಮೇಲೂ ಅಜ್ಜಿ ಮಗನ ಮುಂದೆ ಕೈ ಚಾಚಿದವಳಲ್ಲ.

ಅಜ್ಜಿ ಬದುಕಿದ್ದಾಳೆಂದು ತಿಳಿಸುವ ಫಾರಂ ಪ್ರತಿವರ್ಷ ಲಂಡನ್ನಿಗೆ ಹೋಗಬೇಕು. ಆ ವರ್ಷ ಅಪ್ಪ ಮರೆತೇಬಿಟ್ಟ. ಒಂದು ಬೆಳಿಗ್ಗೆ ಪೆನ್ಶನ್ ಆಫೀಸಿನಿಂದಲೇ ಫೋನ್ ಬಂತು. ಆ ಹೆಂಗಸು ಜನ್ಮದಿನ, ವಿಳಾಸ ಎಲ್ಲ ಕೇಳಿದಳು. ಸ್ಪೀಕರ್ ಹಾಕಿ ನಾನೇ ದುಭಾಷಿಯಾದೆ. ಕೊನೆಗೆ, ಗಂಡನ ಹೆಸರು ಅಜ್ಜಿಯ ಬಾಯಿಂದಲೇ ಬರಬೇಕು, ಇಲ್ಲದಿದ್ದರೆ ಪೆನ್ಶನ್ ತಡೆಹಿಡಿಯುತ್ತೇವೆ ಅಂದಳು.

ಅಜ್ಜಿ ತುಟಿ ಬಿಗಿದು ಕೂತಳು.

"ಅಜ್ಜಿ ಪ್ಲೀಸ್, ಜಸ್ಟ್ ಸೇ ಇಟ್!" ಗಾಬರಿಗೆ ಇಂಗ್ಲಿಷಿನಲ್ಲೇ ಅಂದೆ.

"ಹುಚ್ಚಿ! ಗಂಡನ ಹೆಸರ ಹೇಳ್ತಾರೇನು? ಇಷ್ಟ ವರ್ಷ ಹೇಳಿಲ್ಲ, ಈಗ ಹೆಂಗ ಹೇಳ್ಲಿ?"

"ದೇ ವಿಲ್ ಸ್ಟಾಪ್ ಯುವರ್ ಪೆನ್ಶನ್!"

ನನಗೆ ಅಳುವೇ ಬಂತು. ಅಜ್ಜ ಅಷ್ಟು ಒದ್ದಾಡಿ ಉಳಿಸಿದ್ದು ಅಜ್ಜನ ಹೆಸರಿಗಾಗಿಯೇ ಹೋಗಬೇಕೇ? ಅಜ್ಜಿ ನನ್ನ ಮುಖ ನೋಡಿದಳು. ಸೆರಗು ಸರಿ ಮಾಡಿಕೊಂಡಳು.

"ತಡಿ, ಅಳಬ್ಯಾಡ. ಹೆಸರ ಹಾಡಿನ್ಯಾಗ ಸೇರ್ಸಿ ಒಡಪು ಕಟ್ಟಿ ಹೇಳ್ತೀನಿ. ಒಡಪಿನ್ಯಾಗ ಹೇಳಿದ್ರ ನಡೀತದ. ನನ್ನ ಮದುವ್ಯಾಗೂ ಹಂಗ ಹೇಳಿದ್ದೆ."

ಫೋನಿನ ಹತ್ತಿರ ಬಾಗಿ, ಮದುಮಗಳ ಹಾಗೆ ನಾಚುತ್ತ, ರಾಗವಾಗಿ ಹೇಳಿದಳು:

"ದೊರೆಗಳ ಬಾವುಟ ಇಳಿದರೇನು, ಬರೆದ ಕಾಗದ ಹರಿಯಲಿಲ್ಲ,
ನನ್ನ ಅನ್ನಕ್ಕ ಜಗಳಾಡಿದ ಭೀಮರಾಯರು ಸೋಲಲಿಲ್ಲ!"

ಆ ಕಡೆ ಕಾಗದ ತಿರುವಿದ ಸದ್ದಾಯಿತು. ಆಮೇಲೆ ಆ ಹೆಂಗಸು, "ಭೀಮರಾವ್. ಸರಿಯಾಗಿದೆ. ಪೆನ್ಶನ್ ಮುಂದುವರಿಯುತ್ತದೆ" ಅಂದಳು. ಹಾಡು ಬಲು ಚೆನ್ನಾಗಿತ್ತು ಅಂತಲೂ ಸೇರಿಸಿದಳು.

ಅಬ್ಬಾ! ನಾನು ಸೋಫಾ ಹತ್ತಿ ಕುಣಿದೆ. ಅಜ್ಜಿ ಬಾಯಿಗೆ ಸೆರಗು ಒತ್ತಿ ನಕ್ಕಿದ್ದೇ ನಕ್ಕಿದ್ದು. "ಗೆದ್ದೆ ನೋಡವಾ! ಲಂಡನ್ ತನಕ ಒಡಪು ಹೇಳಿದಾಕಿ ಧಾರವಾಡದಾಗ ಮತ್ತ ಯಾರಿದ್ದಾರ?" ಸಂಜೆ ಅಪ್ಪ ಬಂದಾಗ ಗೋಧಿ ಹುಗ್ಗಿ ಬಡಿಸಿ, ಫಾರಂ ಮರೆತದ್ದಕ್ಕೆ ಚೆನ್ನಾಗಿ ಬೈದಳು.

ಅಜ್ಜಿ ಹೋದ ಮೇಲೆ ಪೆನ್ಶನ್ ಆಫೀಸಿಗೆ ತಿಳಿಸಲು ನಾನೇ ಫೋನ್ ಮಾಡಿದೆ. ಅವರು ಅಜ್ಜನ ಹೆಸರು ಕೇಳಿದರು. ಭೀಮರಾವ್ ಅಂದೆ. ಅಷ್ಟು ಸಲೀಸಾಗಿ, ಒಂದೇ ಉಸಿರಿಗೆ ಹೇಳಿಬಿಟ್ಟೆನಲ್ಲ ಎಂದು ಫೋನಿಟ್ಟು ಬಿಕ್ಕಿಬಿಕ್ಕಿ ಅತ್ತೆ.