ಏಳನೆಯವರ ಎಲೆ

ಕಾಲೇಜಿನಲ್ಲಿದ್ದಷ್ಟು ವರ್ಷವೂ ನಾನು ಚರ್ಚಾಸ್ಪರ್ಧೆಯ ತಂಡದಲ್ಲಿದ್ದೆ. ಪ್ರೇತ, ಪಿಶಾಚಿ ಎಂದು ಯಾರಾದರೂ ಮಾತು ತೆಗೆದರೆ, ‘ನೀವೇ ಕಂಡಿರಾ? ಜೊತೆಗೆ ಯಾರಿದ್ದರು? ಬೇರೆ ಕಾರಣ ಇರಲಾರದೆ?’ ಎಂದು ಮೂರು ಪ್ರಶ್ನೆ ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ಅವೇ ಪ್ರಶ್ನೆಗಳನ್ನು ನೀವು ನನಗೆ ಕೇಳಬಹುದು. ಮೊದಲೆರಡಕ್ಕೆ ಉತ್ತರವಿದೆ. ಮೂರನೆಯದಕ್ಕೆ ಆರು ವರ್ಷದಿಂದ ಹುಡುಕುತ್ತಿದ್ದೇನೆ.

ಆಗ ನಾನು ಗಲ್ಫಿನ ವಾದಿ ಅದಾಯ್‌ನಲ್ಲಿ ತಾಯಿಯ ಅಣ್ಣನ ಕೋಣೆಯಲ್ಲಿದ್ದೆ. ಮಾವ ಅಲ್ಲಿನ ಗ್ಯಾರೇಜೊಂದರಲ್ಲಿ ಮೂವತ್ತು ವರ್ಷ ದುಡಿದವರು, ಮದುವೆಯಾಗದವರು. ನಮ್ಮದು ತುಳು ಮನೆ. ಆದರೆ ಮೈಸೂರಿನಲ್ಲಿ ಬೆಳೆದ ನನ್ನ ತುಳು ಹರಕುಮುರುಕು. ತುಳುವಿನಲ್ಲಿ ‘ಬತ್ತೆ’ ಎಂದರೆ ‘ನಾನು ಬಂದೆ’ ಎಂದೂ ಆಗುತ್ತದೆ, ‘ಅವನು ಬಂದ’ ಎಂದೂ ಆಗುತ್ತದೆ. ಬರೆದರೆ ಎರಡೂ ಒಂದೇ. ವ್ಯತ್ಯಾಸವಿರುವುದು ಕೊನೆಯ ಸ್ವರದಲ್ಲಿ. ‘ನಾನು’ ಎಂಬ ಅರ್ಥಕ್ಕೆ ಬಾಯಿ ಸ್ವಲ್ಪ ಹೆಚ್ಚು ಅಗಲಿಸಬೇಕು. ಅದು ನನಗೆ ಬಾರದು. ಸಂಜೆ ಬಾಗಿಲಲ್ಲಿ ‘ಬತ್ತೆ’ ಎಂದರೆ ಮಾವ ಒಳಗಿನಿಂದಲೇ, ‘ಯಾರು ಬಂದದ್ದು ಮಾರಾಯ? ನಿನ್ನೊಟ್ಟಿಗೆ ಇನ್ನೊಬ್ಬ ಉಂಟಾ?’ ಎಂದು ಕೇಳುವರು.

ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೊರಡುವ ವಾರ ಮಾವ, ಕರಾವಳಿಯ ಸೂರ್ ಪಟ್ಟಣದ ಕಡೆಗೆ ಹೋಗೋಣ ಎಂದರು. ಅವರ ಅಜ್ಜಿಯ ಅಣ್ಣ ತ್ಯಾಂಪಣ್ಣಜ್ಜ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ವಿಮಾನಪಡೆಗೆ ಅಡುಗೆಯವರಾಗಿ ಈ ಕರಾವಳಿಗೆ ಬಂದವರು. ಮರಳಲಿಲ್ಲ. ಇಲ್ಲಿ ಬಿದ್ದ ಬಾಂಬರ್ ವಿಮಾನವೊಂದರಲ್ಲಿ ಅವರೂ ಇದ್ದರು ಎಂದು ಜೊತೆಗಾರನೊಬ್ಬ ಬಂದು ಹೇಳಿದ್ದನಂತೆ. ಕಾಗದಪತ್ರ ಏನೂ ಇಲ್ಲ. ಸಾವು ಖಚಿತವಾಗದೆ, ಸತ್ತವರನ್ನು ಹೆಸರು ಹಿಡಿದು ಮನೆಯೊಳಗೆ ಕರೆಯುವ ನಮ್ಮ ಕ್ರಮ ಅವರಿಗೆ ನಡೆಯಲಿಲ್ಲ. ವರ್ಷಕ್ಕೊಮ್ಮೆ ಹಿರಿಯರಿಗೆ ಬಡಿಸುವಾಗ ಉಳಿದವರ ಎಲೆ ಒಳಗೆ, ಅವರದು ಬಾಗಿಲ ಹೊರಗೆ. ಆ ಎಲೆಯನ್ನು ಒಳಗೆ ಹಾಕಬೇಕೆಂಬುದು ಮಾವನ ಒಂದೇ ಆಸೆ. ಆದರೆ ಬರಿಯ ಮಾತು ನಂಬಿ ಕರೆಯಲು ಅವರಿಗೂ ಧೈರ್ಯವಿರಲಿಲ್ಲ.

ನಾನು ಆ ವಿಮಾನದ ದಾಖಲೆ ಹುಡುಕಿ ಓದಿದ್ದೆ. ಸಮುದ್ರದ ಮೇಲೆ ಗಂಟೆಗಟ್ಟಲೆ ಹಾರಿ ಶತ್ರುಗಳ ಜಲಾಂತರ್ಗಾಮಿಗಳಿಗಾಗಿ ಕಣ್ಣಿಡುವುದು, ಸರಕಿನ ಹಡಗುಗಳಿಗೆ ಕಾವಲು ಹೋಗುವುದು ಅದರ ಕೆಲಸ. ಕೊನೆಯ ಸಲ ಹಿಂದಿರುಗುವಾಗ ಎಂಜಿನ್ ಕೆಟ್ಟು ದಡದಲ್ಲಿ ಬಿತ್ತು. ಆರು ಜನರಲ್ಲಿ ನಾಲ್ವರನ್ನು ಹೂಳಿದರು. ಒಬ್ಬನನ್ನು ಮೀನುಗಾರರು ಎಳೆದು ಉಳಿಸಿದರು. ಒಬ್ಬ ಸಿಗಲೇ ಇಲ್ಲ. ದಾರಿಯಲ್ಲಿ ಸಿಗುವ ಇಬ್ರಾ ಊರು ದಾಟುವವರೆಗೂ ಕಾರಿನಲ್ಲಿ ಇದೇ ವಾದ.

‘ಆರೇ ಹೆಸರು ಮಾವ. ಏಳನೆಯದಿಲ್ಲ.’

‘ಅಡಿಗೆಯವನ ಹೆಸರು ಯಾರು ಬರೀತಾರೆ? ನಿಮ್ಮ ಆಫೀಸಿನ ಗ್ರೂಪ್ ಫೋಟೋದಲ್ಲಿ ಚಾ ಕೊಡುವವ ಇದ್ದಾನಾ?’

‘ಅದು ಸಾಕ್ಷಿಯಾಗುವುದಿಲ್ಲ.’

‘ಹಾಗಾದ್ರೆ ಸಾಕ್ಷಿ ನೀನೇ ಹಿಡಿ. ನಾನು ಕರೀತೇನೆ, ನೀನು ವೀಡಿಯೋ ಮಾಡು. ಖಲಾಸ್.’

ಸೂರ್‌ನ ಗಿರಾಕಿಯೊಬ್ಬರು ಮಾವನಿಗೆ ವಿಮಾನ ಬಿದ್ದ ಜಾಗದ ಗುರುತು ಹೇಳಿದ್ದರು. ತಲುಪಿದಾಗ ನಡುಮಧ್ಯಾಹ್ನ. ಮರಳಿನಲ್ಲಿ ಅರ್ಧ ಹೂತ ಎಂಜಿನ್, ತಗಡಿನ ನಾಲ್ಕು ಚೂರು, ಅಷ್ಟೆ. ಸುತ್ತ ಕಣ್ಣು ಹೋದಷ್ಟು ದೂರ ಮನುಷ್ಯರಿರಲಿ, ಒಂದು ಆಡೂ ಇರಲಿಲ್ಲ. ಅಷ್ಟು ಬಿಸಿಲಿನಲ್ಲಿ ಅಷ್ಟು ಒಂಟಿಯಾದ ಜಾಗವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮಾವ ಚಪ್ಪಲಿ ಕಳಚಿದರು. ‘ತ್ಯಾಂಪಣ್ಣಜ್ಜಾ, ಬಲೆ, ಇಲ್ಲಡೆ ಪೋಯಿ.’ ಬನ್ನಿ, ಮನೆಗೆ ಹೋಗೋಣ. ಮೂರು ಸಲ ಕರೆದರು. ಮೂರನೆಯ ಸಲ ದನಿ ಒಡೆಯಿತು. ನಾನು ತುಟಿ ಬಿಗಿಹಿಡಿದು ಫೋನ್ ಅಲುಗದಂತೆ ನಿಂತಿದ್ದೆ. ಗಾಳಿಯ ಹೊರತು ಏನೂ ಕೇಳಲಿಲ್ಲ. ಕಾಲು ಸುಡುತ್ತಿದ್ದುದರಿಂದ ಮಾವನೇ ‘ಸಾಕು’ ಎಂದರು. ಗೆದ್ದವನು ನಾನು, ಆದರೆ ಅವರ ಮುಖ ನೋಡಿ ಚಪ್ಪಲಿ ತಂದು ಕಾಲ ಬಳಿ ಇಟ್ಟೆ.

ಸೂರ್‌ನ ಹೋಟೆಲೊಂದರಲ್ಲಿ ಊಟಕ್ಕೆ ಕುಳಿತಾಗ ವೀಡಿಯೋ ಹಾಕಿದೆ. ಮೂರನೆಯ ಕರೆ. ಗಾಳಿ. ಆಮೇಲೆ, ಫೋನಿನ ತೀರ ಹತ್ತಿರ, ‘ಬತ್ತೆ.’

ದನಿ ನನ್ನದೇ.

ಮತ್ತೆ ಮತ್ತೆ ಹಾಕಿದೆವು. ನಾನು ವಾದ ಹೂಡಿದೆ: ಅರಿವಿಲ್ಲದೆ ನಾನೇ ಗೊಣಗಿರಬೇಕು, ಬಿಸಿಲಿಗೆ ತಲೆ ಮಂಕಾಗಿರಬೇಕು, ಬೇರೆ ವಿವರಣೆ ಬೇಕಿಲ್ಲ. ಮಾವ ತಟ್ಟೆ ಬದಿಗೆ ಸರಿಸಿ ಪೂರ್ತಿ ಕೇಳಿದರು.

‘ನೀನೇ ಹೇಳಿದ್ದು ಅಂತ್ಲೇ ಇಟ್ಕೊಳ್ಳುವ. ಇಲ್ಲಿ ‘ನಾನು ಬಂದೆ’ ಅಂತ ಸರಿಯಾಗಿ ಕೇಳ್ತದೆ. ಆ ಸ್ವರ ನಿನ್ನ ಬಾಯಿಗೆ ಯಾವಾಗ ಬಂತು?’

ಅಲ್ಲೇ ಹತ್ತಾರು ಸಲ ‘ಬತ್ತೆ’ ಎಂದು ನೋಡಿದೆ. ಒಂದೂ ಹಾಗೆ ಬರಲಿಲ್ಲ. ಇಂದಿಗೂ ಬಂದಿಲ್ಲ.

ಮಾವ ಊರಿಗೆ ಹೋಗಿ ಅಜ್ಜನನ್ನು ಒಳಗೆ ಕರೆಯುವ ಕ್ರಮ ಮುಗಿಸಿದರು. ನಾನು ಅದೇ ಕೋಣೆಯಲ್ಲಿ ಒಬ್ಬನೇ ಉಳಿದೆ. ಈಗ ಸಂಜೆ ಬಾಗಿಲು ತೆರೆದಾಗ ಏನನ್ನೂ ಹೇಳುವುದಿಲ್ಲ, ಕೇಳುವವರಿಲ್ಲ. ವೀಡಿಯೋ ಇನ್ನೂ ಫೋನಿನಲ್ಲಿದೆ.

ಈ ವರ್ಷ ಬಡಿಸಿದ ದಿನ ಮಾವ ಫೋನ್ ಮಾಡಿದರು. ‘ಎಲ್ಲ ಎಲೆಯೂ ಒಳಗೇ. ಹೊರಗೆ ಉಳಿದದ್ದು ಈಗ ನೀನೊಬ್ಬನೇ ಮಾರಾಯ. ಯಾವಾಗ ಬರ್ತೀ?’

ನಾನು ‘ಬರ್ಪೆ’ ಎಂದೆ. ಬರುತ್ತೇನೆ ಎಂಬ ಅರ್ಥದಲ್ಲಿ. ಆ ಮಾತಿಗೂ ಕೊನೆಯ ಸ್ವರದ ಅದೇ ತೊಡಕು, ಬಾಯಿ ಅಗಲಿಸದಿದ್ದರೆ ‘ಅವನು ಬರುತ್ತಾನೆ’ ಎಂದಾಗುತ್ತದೆ.

ಆ ಕಡೆಯಿಂದ ಮಾವ ಮೆಲ್ಲಗೆ, ‘ಯಾರು?’ ಎಂದರು.