ಅಂಬಿಗನ ಜೋಳದ ಪಟ್ಟಿ

ನಮ್ಮೂರು ರಾಯಬಾಗ ತಾಲೂಕಿನಲ್ಲಿ, ಕೃಷ್ಣೆಯ ದಂಡೆಯ ಮೇಲಿದೆ. ಮೂರು ಕಡೆಯೂ ಹೊಳೆ ಬಳಸಿಕೊಂಡು ಹೋಗುವುದರಿಂದ ಮಳೆಗಾಲದಲ್ಲಿ ಅದು ನಡುಗಡ್ಡೆಯೇ. ಸಂತೆ, ಹಾಲಿನ ಡೇರಿ, ಅರ್ಧ ಊರಿನ ಬೀಗರು, ಎಲ್ಲ ಆಚೆ ದಂಡೆಗೆ, ಅಥಣಿಯ ಕಡೆಗೆ. ನನ್ನ ಹೈಸ್ಕೂಲೂ ಅಲ್ಲಿಯೇ. ದಾಟಲು ಇದ್ದದ್ದು ಒಂದೇ ದೋಣಿ, ಅದಕ್ಕೊಬ್ಬನೇ ಅಂಬಿಗ. ಊರೆಲ್ಲ ಅವನನ್ನು ಕಾಕಾ ಅನ್ನುತ್ತಿತ್ತು.

ಕಾಕಾನಿಗೆ ದುಡ್ಡು ಕೊಡುವ ರೂಢಿ ಇರಲಿಲ್ಲ. ಸುಗ್ಗಿಯಲ್ಲಿ ಅವನು ಕಣಕ್ಕೆ ಬಂದು ನಿಂತರೆ ಪ್ರತಿ ಮನೆಯವರೂ ತಮ್ಮ ರಾಶಿಯಿಂದ ಜೋಳ ಸುರಿಯುತ್ತಿದ್ದರು. ಬಡಿಗ, ಕಂಬಾರರಿಗೆ ಇದ್ದಂತೆ ಅದು ಅವನ ಆಯ. ವರ್ಷವಿಡೀ ಊರನ್ನು ದಾಟಿಸುವುದು ಅವನ ಕೆಲಸ.

ಎಂಬತ್ತರ ದಶಕದಲ್ಲಿ ಹೊಳೆಗೆ ಪಂಪ್‌ಸೆಟ್ಟು ಕೂತವು, ಊರಿಗೆ ಊರೇ ಕಬ್ಬು ಹಚ್ಚಿತು. ಕಬ್ಬು ಹೊಲದಿಂದ ನೇರ ಫ್ಯಾಕ್ಟರಿಗೋ ಗಾಣಕ್ಕೋ ಹೋಗುತ್ತದೆ. ಅದಕ್ಕೆ ಕಣವೆಲ್ಲಿ, ರಾಶಿಯೆಲ್ಲಿ? ಮನೆಗಳಿಗೆ ಹೆಂಚು ಬಂತು, ಗಂಡಸರ ಮೀಸೆಗೆ ಹುರಿ ಬಂತು, ಕಾಕಾನ ಜೋಳದ ನೆನಪು ಮಾತ್ರ ಯಾರಿಗೂ ಬರಲಿಲ್ಲ.

ನಾನು ಎಂಟನೆಯ ತರಗತಿಯಲ್ಲಿದ್ದಾಗ ಸುಗ್ಗಿಯ ಹೊತ್ತಿಗೆ ಕಾಕಾ ಊರೆಲ್ಲ ಸುತ್ತಿದ. ಒಂದು ಕಣವೂ ಸಿಗಲಿಲ್ಲ. ಗಾಣದ ಮುಂದೆ ಕೂತಿದ್ದ ಹಿರಿಯರು ದೊಡ್ಡ ಮನಸ್ಸು ಮಾಡಿ ಅವನ ಕೈಗೊಂದು ಬೆಲ್ಲದ ಪೆಂಟೆ ಇಟ್ಟರು. ಕಾಕಾ ನಕ್ಕ.

"ಬೆಲ್ಲಾ ತಿಂದ ಹುಟ್ಟ ಹಾಕಾಕ ಆಕ್ಕೈತೇನ್ರಿ?"

"ಹಂಗಾರ ರೊಕ್ಕಾ ತಗೊ."

"ಕಣದಾಗ ಕೊಟ್ರ ಆಯ ಆಕ್ಕೈತ್ರಿ. ಬಾಗಲದಾಗ ಕೈ ಒಡ್ಡಿದ್ರ ಭಿಕ್ಷಾ. ಮುಂದಿನ ಸುಗ್ಗಿ ತನಕಾ ನೋಡ್ತೇನ್ರಿ. ಆಮ್ಯಾಗ ದೋಣಿ ಮಾರಿ ಇಟ್ಟಂಗಿ ಭಟ್ಟಿಗೆ ಹೋಕ್ಕೇನಿ."

ಅಪ್ಪ ಮನೆಗೆ ಬಂದು ಸಲೀಸಾಗಿ ಹೇಳಿಬಿಟ್ಟ: "ದೋಣಿ ಹೋತಂದ್ರ ಹುಡುಗಿ ಸಾಲಿ ಮುಗೀತು." ನಾನು ಅತ್ತೆ. ಅತ್ತರೆ ಹೊಳೆ ದಾರಿ ಬಿಡುತ್ತದೆಯೇ?

ಆಯಿ, ಅಂದರೆ ಅಪ್ಪನ ತಾಯಿ, ಆ ವರ್ಷದ ನೆರೆ ಇಳಿದ ಮೇಲೆ, ಹೊಳೆ ಬಿಟ್ಟುಹೋದ ಮೆಕ್ಕಲು ಮಣ್ಣಿನಲ್ಲಿ, ಕಬ್ಬಿನ ಅಂಚಿಗೆ ಒಂದು ಪಟ್ಟಿ ಬಿಡಿಸಿ ಜೋಳ ಬಿತ್ತಿಸಲು ನಿಂತಳು.

"ಕಬ್ಬಿನ ಭೂಮಿಯಾಗ ಜ್ವಾಳಾ? ಹುಚ್ಚ ಹಿಡದೈತೇನ ಯವ್ವಾ?" ಅಂದ ಅಪ್ಪ.

"ಹೊಳಿ ದಾಟಿದ ಮ್ಯಾಲ ಅಂಬಿಗನ ಹಂಗ್ಯಾಕ ಅಂತಾರ. ನಾವಿನ್ನೂ ದಾಟಿಲ್ಲೋ ತಮ್ಮಾ."

ಅಪ್ಪ ತೆಪ್ಪಗೆ ಕೂರಿಗೆ ಹೂಡಿದ. ಹಾಲಿನ ಕ್ಯಾನು ಹೊತ್ತು ದಿನಾ ದೋಣಿ ಹತ್ತುವ ಹೆಂಗಸರು ಮೊದಲು ಆಯಿಯನ್ನು ನೋಡಿ ನಕ್ಕರು. ನಕ್ಕು ಮನೆಗೆ ಹೋದವರು ತಂತಮ್ಮ ಗಂಡಂದಿರ ಬೆನ್ನು ಹತ್ತಿ ಒಂದೊಂದು ಪಟ್ಟಿ ಬಿಡಿಸಿದರು. ಆಯಿ ಯಾರಿಗೂ ಬುದ್ಧಿ ಹೇಳಲು ಹೋಗಿರಲಿಲ್ಲ.

ಸುಗ್ಗಿಗೆ ಜಾಲಿ ಬೆಳೆದಿದ್ದ ಹಳೆಯ ಕಣವನ್ನು ಕಡಿದು ಹಸನು ಮಾಡಿ, ಸೆಗಣಿ ಸಾರಿಸಿದರು. ಎಲ್ಲರ ಜೋಳ ಕೂಡಿಸಿದರೂ ರಾಶಿ ಮೊಣಕಾಲು ಮುಟ್ಟಲಿಲ್ಲ. ಆದರೂ ಪೂಜೆ ಆಯಿತು. ಕಾಕಾನಿಗೆ ಹೇಳಿಕಳಿಸಿದಾಗ ಅವನು ನಂಬದೆ ಬೇಲಿಯಾಚೆಯೇ ನಿಂತು ನೋಡಿದ. ಆಮೇಲೆ ಮೆಟ್ಟು ಬಿಟ್ಟು ಒಳಗೆ ಬಂದು, ಹೆಗಲ ಧೋತರ ಹಾಸಿದ.

ಆಯಿ ಮೊರದಲ್ಲಿ ಮೊಗೆದು ಸುರಿದಳು. ಕಾಕಾ ರೂಢಿಯಂತೆ ಒಂದು ಹಿಡಿ ತೆಗೆದು ರಾಶಿಗೆ ಮರಳಿ ಹಾಕಿದ. ಅವನ ಕಣ್ಣು ತುಂಬಿದ್ದವು. ನನ್ನವೂ ತುಂಬಿದ್ದವು. ನನ್ನನ್ನು ಕಂಡದ್ದೇ ಕಾಕಾ ದನಿ ಗಡಸು ಮಾಡಿಕೊಂಡ.

"ನಾಳಿ ಲಗೂನ ಬಾರಬೇ. ಹೊಳಿ ಯಾರ ಸಲುವಾಗೂ ನಿಂದರೂದಿಲ್ಲ."

ನಾನು ಕಲಿತ ನಾಲ್ಕು ಅಕ್ಷರದಲ್ಲಿ ಆಯಿಯ ಆ ಪಟ್ಟಿಯ ಪಾಲಿದೆ, ಕಾಕಾನ ರಟ್ಟೆಯ ಪಾಲಿದೆ. ಅವರಿಬ್ಬರಿಗೂ ನಾನು ಋಣಿ. ಹೊಳೆ ನಿಲ್ಲಲಿಲ್ಲ, ನಿಜ. ಆದರೆ ಹತ್ತನೆಯದು ಮುಗಿಯುವವರೆಗೂ, ನಾನು ಎಷ್ಟೇ ತಡಮಾಡಿ ಏದುಸಿರು ಬಿಡುತ್ತ ಓಡಿ ಬಂದರೂ, ಕಾಕಾ ಬೈಯುತ್ತಲೇ ದೋಣಿ ಹಿಡಿದು ನಿಂತಿರುತ್ತಿದ್ದ.