ನೂರು ರೂಪಾಯಿಗೆ ಬಿಟ್ಟುಕೊಟ್ಟ ನಿದ್ದೆ

ದಿನಕ್ಕೆ ಎರಡು ಗಂಟೆಯ ಕೆಲಸಕ್ಕೆ ಮುನ್ನೂರು ರೂಪಾಯಿ ಕೊಡುತ್ತೇನೆ. ಲಕ್ವ ಹೊಡೆದು ಮಲಗಿರುವ ನನ್ನ ಗಂಡನನ್ನು ಆ ಹೊತ್ತು ಆಯಾ ನೋಡಿಕೊಳ್ಳಲಿ, ನಾನು ನಿದ್ದೆ ಮಾಡಬೇಕು ಎಂದು.

ಮೊದಲು ಇನ್ನೂರಕ್ಕೆ ಇಳಿಸಿದ್ದೆ. ಈ ತಮಿಳು ಊರಿನ ಕೋಡಂಬಾಕ್ಕಂನಲ್ಲಿ ಇಡ್ಲಿ ಹಿಟ್ಟು ರುಬ್ಬಿ ಮಾರಿ ಮನೆ ಕಟ್ಟಿದವಳು ನಾನು. ಹೇಳಿದ ರೇಟಿಗೆ ಒಪ್ಪಿದರೆ ನನಗೆ ಊಟ ಸೇರುವುದಿಲ್ಲ. "ಎತ್ತುವಾಗ, ಸ್ನಾನ ಮಾಡಿಸುವಾಗ ನಾನೂ ಕೈ ಜೋಡಿಸ್ತೇನೆ, ನೂರು ಬಿಡು" ಎಂದೆ. ಅವಳು ಬಿಟ್ಟಳು. ನಾನು ಮಾತಿಗೆ ತಪ್ಪದೆ ದಿನವೂ ನಿದ್ದೆ ಬಿಟ್ಟು ಕೈ ಜೋಡಿಸಿದೆ. ಮೂರನೇ ವಾರ, ಗಂಡನನ್ನು ಕುರ್ಚಿಗೆ ಕೂರಿಸುವಾಗ ತಲೆ ತಿರುಗಿ ಮಂಚದ ಮೇಲೆ ಕುಸಿದೆ. ಆಯಾ ಒಂದು ಕೈಯಲ್ಲಿ ಅವರನ್ನು, ಇನ್ನೊಂದರಲ್ಲಿ ನನ್ನನ್ನು ಹಿಡಿದಳು.

"ಅಕ್ಕಾ, ಈಗ ಪೇಷಂಟು ಇಬ್ಬರಾದ್ರು. ರೇಟು ಏರಿಸ್ಲಾ?" ಎಂದು ತಮಿಳಿನಲ್ಲಿ ಛೇಡಿಸಿದಳು.

ಗಂಡ ನಗಲಿಲ್ಲ. "ನೂರು ರೂಪಾಯಿ ಉಳಿಸ್ಲಿಕ್ಕೆ ನಿನ್ನ ನಿದ್ದೆ ಮಾರಿದ್ಯಲ್ಲ ಮಾರಾಯ್ತಿ! ನೀನು ಬಿದ್ರೆ ನನ್ನನ್ನು ಎತ್ತುದು ಯಾರು?"

ಮರುದಿನದಿಂದ ಅವಳು ಕೇಳಿದಷ್ಟೇ ಕೊಟ್ಟೆ. ಒಂದೇ ಷರತ್ತು: ಆ ಎರಡು ಗಂಟೆ ಗಂಡನ ಕೋಣೆಯ ಬಾಗಿಲನ್ನು ನಾನು ತಟ್ಟಿದರೂ ಅವಳು ತೆಗೆಯಬಾರದು. ಮೊದಲೆರಡು ದಿನ ತಟ್ಟಿದೆ, ಅವಳು ತೆಗೆಯಲಿಲ್ಲ. ಮೂರನೇ ದಿನ ನಿದ್ದೆ ಬಂತು.

ನೀವೂ ಆಯಾ ಇಡುವುದಾದರೆ ಚೌಕಾಸಿ ಬೇಡ ಎನ್ನುವುದಿಲ್ಲ. ಅವಳು ಬರುವ ಹೊತ್ತಿನ ಬಗ್ಗೆ ಮಾಡಿ, ರಜೆಯ ಬಗ್ಗೆ ಮಾಡಿ. "ನಾನೂ ಕೈ ಜೋಡಿಸ್ತೇನೆ" ಎಂದು ಮಾತ್ರ ಹೇಳಬೇಡಿ. ಅವಳು ಚಪ್ಪಲಿ ಬಿಡುತ್ತಿದ್ದಂತೆ ಪಕ್ಕದ ಕೋಣೆಗೆ ಹೋಗಿ ಮಲಗಿಬಿಡಿ.